ಒಂದು ವರ್ಷ ಇದ್ದ ಮಾತ್ರಕ್ಕೆ ಇನ್‌ಸ್ಟೇಟ್ ಶುಲ್ಕ ಸಿಗದು

ಮಾನ್ಯರೇ,

‘ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಶುಲ್ಕದ ಸ್ಥಳೀಯ ಸರ್ಕಾರಿ ಕಾಲೇಜು) ಓದಿ, ಆಮೇಲೆ ಇನ್‌ಸ್ಟೇಟ್ ಶುಲ್ಕ (ಆ ರಾಜ್ಯದ ನಿವಾಸಿಗಳ ಕಡಿಮೆ ದರ) ಕಟ್ಟಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಸೇರಬಹುದು’ ಎಂಬ ಮಾತು ನಂಬಿ ಮಕ್ಕಳನ್ನು ಅಮೆರಿಕಕ್ಕೆ ಕಳಿಸುವ ತಂದೆ–ತಾಯಂದಿರಿದ್ದಾರೆ. ಈ ಮಾತಿನ ಮೊದಲರ್ಧ ನಿಜ. ಇನ್‌ಸ್ಟೇಟ್ ಶುಲ್ಕದ ಮಾತು ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಅನ್ವಯಿಸುವುದೇ ಇಲ್ಲ. ಓದು ಮುಗಿಸಿ ತಾಯ್ನಾಡಿಗೆ ಮರಳುತ್ತೇನೆ ಎಂಬವರಿಗೆ ಕೊಡುವ ವೀಸಾ ಅದು. ಹಾಗಾಗಿ ಎಷ್ಟು ವರ್ಷ ಅಲ್ಲಿದ್ದರೂ, ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್ ಏನೇ ತೋರಿಸಿದರೂ ಶುಲ್ಕದ ಲೆಕ್ಕದಲ್ಲಿ ಅವರು ಆ ರಾಜ್ಯದ ನಿವಾಸಿಗಳಾಗುವುದಿಲ್ಲ.

ವ್ಯತ್ಯಾಸ ಸಣ್ಣದಲ್ಲ. ಕ್ಯಾಲಿಫೋರ್ನಿಯಾದ ನಿವಾಸಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್ಟಿಗೆ (ನಮ್ಮಲ್ಲಿನ ಕ್ರೆಡಿಟ್‌ನಂಥ ಅಳತೆ) 46 ಡಾಲರ್. ಎರಡು ವರ್ಷದ 60 ಯೂನಿಟ್‌ಗೆ 2,760. ಹೊರಗಿನವರಿಗೆ ಇದರ ಮೇಲೆ ಪ್ರತಿ ಯೂನಿಟ್ಟಿಗೆ ನೂರಾರು ಡಾಲರ್. ವಿಶ್ವವಿದ್ಯಾಲಯದಲ್ಲಿ 2024–25ರಲ್ಲಿ ಹೊರಗಿನವರು ಮಾಮೂಲಿ ಶುಲ್ಕದ ಜೊತೆಗೆ ವರ್ಷಕ್ಕೆ 34,200 ಡಾಲರ್ ಹೆಚ್ಚುವರಿಯಾಗಿ ಕಟ್ಟಬೇಕಿತ್ತು. ಎಫ್-1ನಲ್ಲಿ ಬರುವವರಿಗೂ ಮೊದಲೆರಡು ವರ್ಷ ಉಳಿತಾಯ ಆಗುತ್ತದೆ, ನಿಜ. ಆದರೆ ಬ್ಯಾಂಕ್ ಸಾಲದ ಲೆಕ್ಕ ಹಾಕುವಾಗ ನಾಲ್ಕೂ ವರ್ಷಕ್ಕೆ ಹೊರಗಿನವರ ದರವನ್ನೇ ಹಿಡಿಯಬೇಕು.

ನಾಗರಿಕರು, ಗ್ರೀನ್ ಕಾರ್ಡ್ ಇರುವವರು, ಕ್ಯಾಲಿಫೋರ್ನಿಯಾದಲ್ಲಾದರೆ ಎಚ್-4 ಮಕ್ಕಳು (ಎಚ್-1ಬಿಯಂಥ ಕೆಲಸದ ವೀಸಾದವರ ಅವಲಂಬಿತ ಮಕ್ಕಳು) ಕೂಡ ನಿವಾಸಿಗಳಾಗಬಹುದು. ಎಡವುವವರು ಹೆಚ್ಚಾಗಿ ಇವರೇ. ಪ್ರವೇಶ ಕೊಡುವ ಕಚೇರಿ ಬೇರೆ, ನಿವಾಸ ತೀರ್ಮಾನಿಸುವ ಕಚೇರಿ ಬೇರೆ. ಕಮ್ಯುನಿಟಿ ಕಾಲೇಜು ‘ನಿವಾಸಿ’ ಎಂದು ಒಪ್ಪಿದ್ದನ್ನು ವಿಶ್ವವಿದ್ಯಾಲಯ ಒಪ್ಪಲೇಬೇಕೆಂದಿಲ್ಲ. ಅದು ನಿವಾಸದ ಹೇಳಿಕೆಯನ್ನು ಹೊಸದಾಗಿ ಭರ್ತಿ ಮಾಡಿಸಿಕೊಂಡು ತಾನೇ ಪರಿಶೀಲಿಸುತ್ತದೆ. ತಂದೆ–ತಾಯಿಯನ್ನು ಟೆಕ್ಸಾಸ್‌ನಂಥ ಬೇರೆ ರಾಜ್ಯದಲ್ಲಿ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಒಬ್ಬನೇ ಬಂದ, 24 ತುಂಬದ ಅವಿವಾಹಿತ ಹುಡುಗ ತನ್ನ ಖರ್ಚನ್ನು ತಾನೇ ತೂಗಿಸಿಕೊಂಡಿದ್ದಕ್ಕೆ ದಾಖಲೆ ಕೊಡಬೇಕಾಗುತ್ತದೆ. ಅಪ್ಪ ಫೀಸು ಕಟ್ಟಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ನಿವಾಸಿ ಎನಿಸಲು ವರ್ಷಕ್ಕೂ ಹೆಚ್ಚು, ಅಂದರೆ 366 ದಿನ, ಅಲ್ಲಿರಬೇಕೆಂಬ ನಿಯಮವನ್ನೂ ಅರ್ಧ ಮಾತ್ರ ಓದಿಕೊಳ್ಳುತ್ತಾರೆ. ಅಷ್ಟು ದಿನ ಅಲ್ಲಿ ಇದ್ದರೆ ಸಾಲದು, ಅಲ್ಲೇ ನೆಲೆಸುವ ಉದ್ದೇಶವೂ ಮೊದಲ ದಿನದಿಂದ ಕಾಣಬೇಕು. ಆ ಉದ್ದೇಶಕ್ಕೆ ಡ್ರೈವಿಂಗ್ ಲೈಸೆನ್ಸ್ ಒಂದು ಸಾಕ್ಷಿ. ಕಾರ್ಡ್ ಮೇಲೆ ‘ಐಎಸ್‌ಎಸ್’ ಎಂಬ ಮೂರು ಅಕ್ಷರಗಳ ಪಕ್ಕ ವಿತರಣೆಯ ದಿನಾಂಕ ಅಚ್ಚಾಗಿರುತ್ತದೆ. ಆಗಸ್ಟ್‌ನಲ್ಲಿ ಬಂದು ಜನವರಿಯಲ್ಲಿ ಲೈಸೆನ್ಸ್ ಮಾಡಿಸಿದವರಿಗೆ ಮುಂದಿನ ಸೆಪ್ಟೆಂಬರ್‌ಗೆ ವರ್ಷ ತುಂಬಿಲ್ಲ ಎನ್ನಿಸಿಕೊಳ್ಳುವ ಅಪಾಯವಿದೆ. ಹೊಸದಾಗಿ ನೆಲೆಸಿದವರು 10 ದಿನದೊಳಗೆ ಲೈಸೆನ್ಸ್, 20 ದಿನದೊಳಗೆ ಕಾರಿನ ನೋಂದಣಿ ಮಾಡಿಸಬೇಕೆಂಬುದು ಹೇಗೂ ರಾಜ್ಯದ ಕಾನೂನು. ಹಳೆಯ ರಾಜ್ಯದ ಲೈಸೆನ್ಸ್, ಮತದಾರರ ನೋಂದಣಿ ಬಿಟ್ಟುಬಿಡಿ. ದುಡಿದಿದ್ದರೆ ಕ್ಯಾಲಿಫೋರ್ನಿಯಾಕ್ಕೇ ರಾಜ್ಯ ತೆರಿಗೆಯ ರಿಟರ್ನ್ ಸಲ್ಲಿಸಿ. ಬೇಸಿಗೆ ರಜೆಯನ್ನೆಲ್ಲ ಬೇರೆ ರಾಜ್ಯದಲ್ಲಿ ಕಳೆದರೆ ಪ್ರಶ್ನೆ ಬಂದೇ ಬರುತ್ತದೆ.

ಇನ್ನು ಟ್ರಾನ್ಸ್‌ಫರ್, ಅಂದರೆ ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಹೋಗುವುದು. 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್ (ವರ್ಷವನ್ನು ಎರಡರ ಬದಲು ಮೂರು ಅವಧಿಗಳಾಗಿ ಹಂಚುವ ಕಾಲೇಜುಗಳ ಲೆಕ್ಕ) ಬೇಕು. ಅದರೊಳಗೆ ಎರಡು ಇಂಗ್ಲಿಷ್ ಬರವಣಿಗೆ ಕೋರ್ಸ್, ಒಂದು ಗಣಿತ, ಬೇರೆ ವಿಷಯಗಳ ನಾಲ್ಕು ಕೋರ್ಸ್ ಇರಲೇಬೇಕು. ಅಂಕಗಳ ಸರಾಸರಿಯಾದ ಜಿಪಿಎ ನಿವಾಸಿಗಳಿಗೆ ಕನಿಷ್ಠ 2.4, ಹೊರಗಿನವರಿಗೆ 2.8. ಕಂಪ್ಯೂಟರ್ ಸೈನ್ಸ್‌ನಂಥ ವಿಭಾಗಗಳಲ್ಲಿ ಇಷ್ಟರಿಂದ ಏನೂ ಆಗದು. ಯೂನಿಟ್ ತುಂಬಿದ್ದರೂ ಆ ವಿಭಾಗ ಕೇಳುವ ಒಂದು ಗಣಿತದ ಕೋರ್ಸ್ ಬಿಟ್ಟುಹೋಗಿ ಸೀಟು ತಪ್ಪುವುದುಂಟು. ಯಾವ ಕಾಲೇಜಿನ ಯಾವ ಕೋರ್ಸು ಯಾವ ಕ್ಯಾಂಪಸ್ಸಿನಲ್ಲಿ ಯಾವುದಕ್ಕೆ ಸಮ ಎಂಬುದು ‘ಅಸಿಸ್ಟ್’ ಜಾಲತಾಣದಲ್ಲಿದೆ. ಮೊದಲ ಸೆಮಿಸ್ಟರ್‌ಗೆ ಹೆಸರು ಬರೆಸುವ ಮುನ್ನವೇ ಅದನ್ನು ತೆರೆದು ನೋಡಬೇಕು. ಕ್ಯಾಲ್ಕುಲಸ್ ಸರಣಿಯನ್ನು ಅರ್ಧ ಒಂದು ಕಾಲೇಜಿನಲ್ಲಿ, ಅರ್ಧ ಇನ್ನೊಂದರಲ್ಲಿ ಮಾಡಬೇಡಿ. ಒಂದು ಕಡೆ ಸೆಮಿಸ್ಟರ್, ಇನ್ನೊಂದು ಕಡೆ ಕ್ವಾರ್ಟರ್ ಇದ್ದರೆ ನಡುವಿನ ಪಾಠ ಬಿಟ್ಟುಹೋಗುತ್ತದೆ.

ಈ ವಿಶ್ವವಿದ್ಯಾಲಯದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಕ್ಯಾಂಪಸ್‌ಗಳು ‘ಟ್ಯಾಗ್’ ಎಂಬ ಖಚಿತ ಪ್ರವೇಶದ ಒಪ್ಪಂದ ಮಾಡಿಕೊಳ್ಳುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊದಲ್ಲಿ ಅದಿಲ್ಲ. ಟ್ಯಾಗ್ ಅರ್ಜಿ ಒಂದೇ ಕ್ಯಾಂಪಸ್ಸಿಗೆ, ಸೆಪ್ಟೆಂಬರ್‌ನಲ್ಲಿ ಮಾತ್ರ. ಅದಾದ ಮೇಲೆ ವಿಶ್ವವಿದ್ಯಾಲಯದ ಮುಖ್ಯ ಅರ್ಜಿಯನ್ನೂ ಹಾಕಬೇಕು. ಅದನ್ನು ಮರೆತರೆ ಟ್ಯಾಗ್ ಕೆಲಸಕ್ಕೆ ಬಾರದು.

ಎಚ್-4 ಮಕ್ಕಳ ವಿಷಯ ನಮಗೆ ಹೆಚ್ಚು ಕಳವಳದ್ದು. 21 ತುಂಬಿದಾಗ ಆ ವೀಸಾ ಮುಗಿಯುತ್ತದೆ. ಎಫ್-1ಕ್ಕೆ ಬದಲಾದರೆ, ಚಿಕ್ಕಂದಿನಿಂದ ಅಲ್ಲೇ ಬೆಳೆದ ಮಗುವಿಗೂ ನಿವಾಸಿ ದರ ಕೈತಪ್ಪಬಹುದು. ಟ್ರಾನ್ಸ್‌ಫರ್ ಆಗುವುದು ಸಾಮಾನ್ಯವಾಗಿ 20–21ರ ವಯಸ್ಸಿನಲ್ಲೇ. ಆದ್ದರಿಂದ ವೀಸಾ ಬದಲಾಯಿಸುವ ಮೊದಲೇ, ಸೇರಬೇಕೆಂದಿರುವ ಕ್ಯಾಂಪಸ್ಸಿನಲ್ಲಿ ನಿವಾಸ ತೀರ್ಮಾನಿಸುವ ಅಧಿಕಾರಿಯಾದ ರೆಸಿಡೆನ್ಸ್ ಡೆಪ್ಯುಟಿಗೆ ಹುಟ್ಟಿದ ದಿನಾಂಕ, ವೀಸಾ ಮುಗಿಯುವ ದಿನಾಂಕ ಎರಡನ್ನೂ ನಮೂದಿಸಿ ಇಮೇಲ್ ಬರೆಯಿರಿ. ಉತ್ತರವನ್ನು ಫೋನಿನಲ್ಲಿ ಕೇಳಿ ಬಿಡದೆ ಲಿಖಿತವಾಗಿಯೇ ತರಿಸಿಕೊಳ್ಳಿ.

– ಪ್ರವೇಶ ನಿಯಮ ಬಲ್ಲ ಓದುಗರು, ಕ್ಯಾಲಿಫೋರ್ನಿಯಾ