ದಾಖಲೆ ಅವರ ಬೀರುವಿನಲ್ಲಿ, ಸಾಬೀತು ಮಾಡುವ ಹೊರೆ ನಮ್ಮ ತಲೆ ಮೇಲೆ: ಹಡಗು ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಮೀನಿಗೆ ಹೋಗಿದ್ದ ನನ್ನ ತಮ್ಮನ ದೋಣಿಗೆ ರಾತ್ರಿ ಹೊತ್ತು ಸರಕು ಹಡಗು ಡಿಕ್ಕಿ ಹೊಡೆದು ಆರು ವರ್ಷವಾಯಿತು. ಅರ್ಜಿ ಬರೆದೂ ಬರೆದೂ ಸಾಕಾಗಿದೆ. ಇದನ್ನು ಎಲ್ಲರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಪರಿಹಾರ ಕೇಳಿದರೆ, ತಮ್ಮನ ದುಡಿಮೆಗೆ ದಾಖಲೆ ತನ್ನಿ ಅಂದರು. ಮುರಿದ ದೋಣಿಯಲ್ಲಿ ಅವನ ಲೆಕ್ಕದ ಪುಸ್ತಕ ಸಿಕ್ಕಿತ್ತು. ಉಪ್ಪುನೀರು ಕುಡಿದು ಹಾಳೆಗಳೆಲ್ಲ ಅಂಟಿಕೊಂಡಿದ್ದವು. ಅಮ್ಮ ಎರಡು ದಿನ ಕೂತು ಒಂದೊಂದೇ ಹಾಳೆ ಬಿಡಿಸಿದರು. ಎಷ್ಟು ಬುಟ್ಟಿ ಮೀನು, ಡೀಸೆಲ್‌ಗೆ ಎಷ್ಟು, ಯಾರಿಗೆ ಎಷ್ಟು ಪಾಲು, ಎಲ್ಲ ಅವನ ಕೈಬರಹ. ಹಡಗಿನ ಕಡೆಯ ವಕೀಲರು ಎರಡು ಪುಟ ತಿರುವಿ, "ಇದು ಲೆಕ್ಕಕ್ಕೆ ಬರಲ್ಲ" ಅಂತ ಪಕ್ಕಕ್ಕೆ ತಳ್ಳಿದರು. ಅಮ್ಮ ಅದನ್ನು ಎದೆಗೆ ಅವಚಿಕೊಂಡು ಎದ್ದು ಬಂದರು.

ನಾವೂ ಹಡಗಿನ ದಾಖಲೆ ಕೇಳಿದೆವು. ಆ ರಾತ್ರಿ ಕಾವಲಿಗೆ ಯಾರಿದ್ದರು? ರೇಡಾರ್ ಸರಿಯಿತ್ತಾ? ಸಿಬ್ಬಂದಿ ಸಾಲದು ಅಂತ ಮಾಲೀಕರಿಗೆ ಮೊದಲೇ ಗೊತ್ತಿತ್ತಾ? ಇವತ್ತಿನವರೆಗೂ ಒಂದು ಹಾಳೆ ಕೊಟ್ಟಿಲ್ಲ.

ನಿಯಮ ನಿಮಗೆ ಗೊತ್ತೇ ಇದೆ. ಮಾಲೀಕರ ಹೊಣೆಯ ಮಿತಿಯನ್ನು, ಅಂದರೆ ಅವರು ಹೆಚ್ಚೆಂದರೆ ಎಷ್ಟು ಕೊಡಬೇಕು ಅನ್ನುವುದನ್ನು, ಹಡಗಿನ ಟನ್ನೇಜ್ (ಗಾತ್ರದ ಅಳತೆ) ನೋಡಿ ಅಳೆಯುತ್ತಾರೆ, ಸತ್ತವರ ಮನೆಯ ನಷ್ಟ ನೋಡಿ ಅಲ್ಲ. ಈಗಿನ ಅಂತರರಾಷ್ಟ್ರೀಯ ಒಪ್ಪಂದದಲ್ಲಿ 2,000 ಟನ್ನೇಜ್‌ವರೆಗಿನ ಹಡಗಿಗೆ ಸಾವು, ಗಾಯ ಎಲ್ಲ ಸೇರಿ 30.2 ಲಕ್ಷ ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ). ಸಾಲದಿದ್ದರೆ ಬಾಕಿ ಹಣಕ್ಕೆ ಆಸ್ತಿ ಕಳೆದುಕೊಂಡವರ ಸಾಲಿನಲ್ಲಿ ನಿಲ್ಲಬೇಕು. ಈ ಮಿತಿ ಮುರಿಯಬೇಕಾದರೆ ಮಾಲೀಕರೇ ಖುದ್ದು ಬೇಕೆಂದೇ ನಷ್ಟ ಮಾಡಿದರು, ಇಲ್ಲವೇ ಇಂಥ ನಷ್ಟ ಆಗಬಹುದೆಂದು ತಿಳಿದೂ ಲೆಕ್ಕಿಸಲಿಲ್ಲ ಅಂತ ನಾವು ತೋರಿಸಬೇಕು. ಕ್ಯಾಪ್ಟನ್ ತಪ್ಪು ಮಾಡಿದ್ದರೆ ಅಷ್ಟೇ ಸಾಲದು. ಎಲ್ಲಿಂದ ತೋರಿಸೋಣ ಸ್ವಾಮಿ? ಕಾಗದವೆಲ್ಲ ಅವರ ಬೀರುವಿನಲ್ಲಿದೆ!

ಸಾಬೀತು ಮಾಡುವ ಹೊರೆಯನ್ನು ಮಾಲೀಕರ ಮೇಲೆ ಹಾಕಿ. ನಾನು ಕೇಳುತ್ತಿರುವುದು ಇದನ್ನೇ.

1957ರ ಒಪ್ಪಂದದಲ್ಲಿ ಮಾಲೀಕರ ಸ್ವಂತ ತಪ್ಪಿದ್ದರೆ ಸಾಕು, ಮಿತಿಯ ರಕ್ಷಣೆ ಹೋಗುತ್ತಿತ್ತು. 1976ರಲ್ಲಿ ಮೊತ್ತ ಜಾಸ್ತಿ ಮಾಡಿದರು, ಆದರೆ ಆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಯೇ ಬಿಟ್ಟರು. 2015ರಿಂದ ಮೊತ್ತ ಮತ್ತೆ ಶೇ. 51 ಏರಿತು. ಅಂದರೆ ಮನಸ್ಸು ಮಾಡಿದರೆ ತಿದ್ದಬಹುದು, ಅಲ್ವಾ? ಮಿತಿ ಇಲ್ಲದಿದ್ದರೆ ವಿಮೆ ಸಿಗಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಸರಕಿಗೆ ಮಿತಿ ಇಟ್ಟುಕೊಳ್ಳಲಿ. ಜೀವ ಹೋದಾಗ, ನಮ್ಮ ತಪ್ಪಿಲ್ಲ ಅಂತ ಹಡಗಿನವರೇ ತೋರಿಸಲಿ.

ಹೊರೆ ಅವರ ಮೇಲೆ ಹಾಕಿ. ಒಪ್ಪಂದ ತಿದ್ದುವ ಸಭೆಗೆ ನಿಮ್ಮವರು ಹೋದಾಗ ಈ ಮಾತು ಎತ್ತಲಿ. ಅಲ್ಲಿಯವರೆಗೆ, ಡಿಕ್ಕಿಯಾದ ಕೂಡಲೇ ಹಡಗಿನ ದಾಖಲೆಯ ಪ್ರತಿ ಸತ್ತವರ ಮನೆಗೆ ಸಿಗುವಂತೆ ಆದೇಶ ಮಾಡಿ.

ತಮ್ಮನ ಪುಸ್ತಕ ಅಮ್ಮನ ಹತ್ತಿರ ಭದ್ರವಾಗಿದೆ. ನೀವು ಕರೆದರೆ ಮತ್ತೆ ತರುತ್ತೇವೆ. ಹಡಗಿನ ಪುಸ್ತಕವನ್ನೂ ಅದೇ ಮೇಜಿನ ಮೇಲೆ ಇಡಿಸಿ.

ಇತಿ,
ತಮ್ಮನನ್ನು ಕಳೆದುಕೊಂಡ ಅಕ್ಕ