ಒಂದೇ ಸಲದ ಖರ್ಚು ಅಂತ ಬರೆಯುವ ಮುಂಚೆ

ಸರಸ್ವತಿಪುರಂ, ಮೈಸೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಹೋದ ವಾರ ನಿಮ್ಮಮ್ಮ ಬಂದಿದ್ದಳು. ವಿಮಾನ ಕಂಪನಿಯಲ್ಲಿ ನಿನಗೆ ಎಕ್ಸೆಪ್ಷನಲ್ ಐಟಂಗಳ, ಅಂದರೆ ಮಾಮೂಲಿ ಅಲ್ಲ ಅಂತ ಲೆಕ್ಕದಲ್ಲಿ ಬೇರೆ ಸಾಲಿನಲ್ಲಿ ತೋರಿಸುವ ಬಾಬುಗಳ, ಪಟ್ಟಿ ಮಾಡುವ ಕೆಲಸ ಕೊಟ್ಟಿದ್ದಾರಂತೆ, ರಾತ್ರಿ ಹನ್ನೊಂದಾದರೂ ಆಫೀಸಿನಲ್ಲೇ ಇರುತ್ತೀಯಂತೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಡಿಟರ್ ಹತ್ತಿರ ಸೇರಿದ ಹೊಸದರಲ್ಲಿ ಮಂಡ್ಯದ ಕಡೆಯ ಒಂದು ರೈಸ್ ಮಿಲ್ಲಿನ ಲೆಕ್ಕ ನನ್ನ ಪಾಲಿಗೆ ಬಂತು. ಮೊದಲ ವರ್ಷ ಬಾಯ್ಲರ್ ರಿಪೇರಿ. ಮಾರನೇ ವರ್ಷ ಮತ್ತೆ ಬಾಯ್ಲರ್. ಮೂರನೇ ವರ್ಷ ಗೋದಾಮಿನ ಚಾವಣಿ. ಮೂರು ಸಲವೂ ಮಾಲೀಕರು ‘ಇದೊಂದು ಸಲದ ಖರ್ಚಮ್ಮ, ಬೇರೆಯಾಗಿ ತೋರಿಸಿ’ ಅಂದರು. ತೋರಿಸಿದೆ. ಬ್ಯಾಂಕಿನವರು ಅದಕ್ಕೂ ಮೇಲಿನ ಸಾಲಿನ, ಅಂದರೆ ಆ ಖರ್ಚು ಕಳೆಯುವ ಮುಂಚಿನ, ಲಾಭ ನೋಡಿ ಸಾಲ ಕೊಟ್ಟರು. ಕಂತು ಕಟ್ಟಲು ಆಗದೆ ಮಿಲ್ಲು ಮುಚ್ಚಿತು, ಹಮಾಲಿಗಳು ಕೆಲಸ ಕಳೆದುಕೊಂಡರು. ಮೂರು ವರ್ಷದ ಹಾಳೆ ಪಕ್ಕಪಕ್ಕ ಇಟ್ಟಿದ್ದರೆ ನನಗೇ ಕಾಣುತ್ತಿತ್ತು. ಇಡಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ನೀನು ಹಾಗೆ ಮಾಡಬೇಡ. ಪಟ್ಟಿ ಶುರು ಮಾಡುವ ಮುಂಚೆ ಹಿಂದಿನ ಐದು ವರ್ಷದ ಪಟ್ಟಿ ತೆಗೆದಿಡು. ಹೆಸರು ಬದಲಾಗಿ ಅದೇ ಖರ್ಚು ಬಂದಿದೆಯಾ ನೋಡು. ಅಮೆರಿಕದ ಷೇರುಪೇಟೆ ನಿಯಂತ್ರಕರ ನಿಯಮದಲ್ಲೇ ಈ ಮಾತಿದೆ. ಹಿಂದಿನ 2 ವರ್ಷದಲ್ಲಿ ಅಂಥದ್ದು ಬಂದಿದ್ದರೆ, ಅಥವಾ ಮುಂದಿನ 2 ವರ್ಷದಲ್ಲಿ ಬರುವ ಹಾಗಿದ್ದರೆ, ‘ಮರುಕಳಿಸದ ಖರ್ಚು’ ಅಂತ ಕರೆದು ಲಾಭದಿಂದ ಹೊರಗಿಡುವಂತಿಲ್ಲ. ನಮ್ಮಲ್ಲಿ ಕಂಪನಿ ಕಾಯ್ದೆಯ ಶೆಡ್ಯೂಲ್ 3ರ ಲೆಕ್ಕದ ನಮೂನೆಯಲ್ಲಿ ಎಕ್ಸೆಪ್ಷನಲ್ ಐಟಂಗೆ ಒಂದು ಸಾಲು ಕೊಟ್ಟಿದ್ದಾರೆ. ‘ಎಕ್ಸ್‌ಟ್ರಾರ್ಡಿನರಿ’ (ಅಸಾಧಾರಣ) ಅನ್ನುವ ಹೆಸರನ್ನು ಮಾತ್ರ ನಮ್ಮ ಲೆಕ್ಕನಿಯಮ ಇಂಡ್ ಎಎಸ್ 1 ಪೂರ್ತಿ ತೆಗೆದುಹಾಕಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಷ್ಟಕ್ಕೂ ಅಮೆರಿಕದ ಲೆಕ್ಕನಿಯಮದವರು ಆ ಹೆಸರು ಕೊಡಲು ಒಪ್ಪಲಿಲ್ಲ. ವಿಮಾನ ಕಂಪನಿಗಳು ಅದಕ್ಕೂ ಮೊದಲೇ ಸೊರಗಿದ್ದವು. ಯಾವ ನಷ್ಟ ದಾಳಿಯಿಂದ, ಯಾವುದು ಮಂದ ವ್ಯಾಪಾರದಿಂದ ಅಂತ ಬಿಡಿಸುವುದು ಹೇಗೆ? ಅಷ್ಟು ದೊಡ್ಡ ದುರಂತಕ್ಕೇ ಹಾಗೆ ಅಂದಮೇಲೆ ರೂಪಾಯಿ ಇಳಿದದ್ದಕ್ಕೆ ಯಾಕೆ ಬೇರೆ ಸಾಲು ಬೇಕು, ಹೇಳು. ವಿಮಾನದ ಬಾಡಿಗೆ ಡಾಲರಿನಲ್ಲಿ. ರೂಪಾಯಿ ಏರಿಳಿಯುವುದು ಈ ವ್ಯಾಪಾರದ ದಿನನಿತ್ಯದ ಮಾತು.

ಹೊಸಬರು ಜಾಸ್ತಿ ಎಡವುವುದು ಇಂಪೇರ್‌ಮೆಂಟಿನಲ್ಲಿ, ಅಂದರೆ ಆಸ್ತಿಯ ಬೆಲೆ ಬಿದ್ದಾಗ ಲೆಕ್ಕದಲ್ಲೂ ಅದನ್ನು ಇಳಿಸುವುದರಲ್ಲಿ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಲೆಕ್ಕದ ಪುಸ್ತಕದಲ್ಲಿ ವಿಮಾನದ ಬೆಲೆ 100 ಕೋಟಿ, ಇನ್ನು 10 ವರ್ಷ ಹಾರುತ್ತದೆ, ಕೊನೆಗೆ ಏನೂ ಬೆಲೆ ಇಲ್ಲ ಅಂದುಕೋ. ಬೆಲೆ ಸವೆಯುವುದಕ್ಕೆ ವರ್ಷಕ್ಕೆ 10 ಕೋಟಿ ಸವಕಳಿ ಖರ್ಚು. ಈಗ ಬೆಲೆಯನ್ನು 40 ಕೋಟಿಗೆ ಇಳಿಸಿದರು. 60 ಕೋಟಿ ಎಕ್ಸೆಪ್ಷನಲ್ ಸಾಲಿಗೆ ಹೋಯಿತು, ‘ಅದನ್ನು ಬಿಟ್ಟು ನೋಡಿ’ ಅಂದರು. ಮುಂದಿನ ವರ್ಷದಿಂದ ಸವಕಳಿ ಬರೀ 4 ಕೋಟಿ. ವರ್ಷಾವರ್ಷ 6 ಕೋಟಿ ಲಾಭ ಜಾಸ್ತಿ ಕಾಣುತ್ತದೆ, ಅದೂ ಮಾಮೂಲಿ ಲಾಭದಲ್ಲಿ! ಬೆಲೆ ಇಳಿಸಿದ್ದು ತಪ್ಪಲ್ಲ. ಬೆಲೆ ಬಿದ್ದಾಗ ಇಳಿಸಲೇಬೇಕು. 2020ರಲ್ಲಿ ಡೆಲ್ಟಾ ತನ್ನ 777 ವಿಮಾನಗಳನ್ನೂ, ಏರ್ ಫ್ರಾನ್ಸ್ ತನ್ನ ಎ380ಗಳನ್ನೂ ಸೇವೆಯಿಂದ ತೆಗೆದಾಗ ಅದು ನಿಜವಾದ ನಷ್ಟ. ಆದರೆ ಆಮೇಲೆ ಲಾಭ ಹೆಚ್ಚಿದ್ದು ಯಾಕೆ ಅಂತ ಓದುವವರಿಗೆ ತಿಳಿಯಬೇಕು ಅಲ್ವಾ? ಟಿಪ್ಪಣಿಯಲ್ಲಿ ಒಂದು ಸಾಲು ಬರೆ.

ಪ್ರಾವಿಷನ್, ಅಂದರೆ ಮುಂದೆ ಬರುವ ಖರ್ಚಿಗೆ ಈಗಲೇ ಲೆಕ್ಕದಲ್ಲಿ ಎತ್ತಿಡುವ ಹಣ, ಅದರದೂ ಇದೇ ಕಥೆ. ಜನರನ್ನು ಕೆಲಸದಿಂದ ಬಿಡಿಸುವ ಖರ್ಚಿಗೆ ಅಂತ ಎಕ್ಸೆಪ್ಷನಲ್ ಸಾಲಿನಲ್ಲಿ ಹಣ ಎತ್ತಿಟ್ಟು, ಅದರಲ್ಲಿ ಉಳಿದದ್ದನ್ನು ಎರಡು ವರ್ಷದ ಮೇಲೆ ಇತರೆ ಆದಾಯಕ್ಕೆ ಸೇರಿಸು ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಯಾವ ಬಾಗಿಲಿಂದ ಹೋಯಿತೋ ಆ ಬಾಗಿಲಿಂದಲೇ ಒಳಗೆ ಬರಲಿ. ಕೋವಿಡ್ ಕಾಲದಲ್ಲಿ ಅಮೆರಿಕನ್ ಏರ್‌ಲೈನ್ಸ್ ಸರ್ಕಾರ ಸಂಬಳಕ್ಕೆ ಕೊಟ್ಟ ನೆರವನ್ನೂ ವಿಶೇಷ ಬಾಬಿನಲ್ಲೇ ತೋರಿಸಿತು. ಅದು ನನಗೆ ಮೆಚ್ಚಿಗೆಯಾಯಿತು. ನಷ್ಟವನ್ನು ಅಲ್ಲಿಟ್ಟು ನೆರವನ್ನು ಮಾಮೂಲಿ ಲಾಭಕ್ಕೆ ಹಾಕಿದ್ದರೆ ಓದುವವರು ಮೋಸ ಹೋಗುತ್ತಿದ್ದರು.

ಬಾಡಿಗೆ ವಿಮಾನ ಹಿಂತಿರುಗಿಸುವಾಗಿನ ರಿಪೇರಿಯೂ ದಿಢೀರ್ ಬರುವ ಖರ್ಚಲ್ಲ. ಕರಾರು ಮಾಡಿದ ದಿನವೇ ಗೊತ್ತಿರುತ್ತದೆ. ಹಾರುತ್ತಾ ಹೋದ ಹಾಗೆ ಅದಕ್ಕೆ ಹಣ ತೆಗೆದಿಡುತ್ತಿದ್ದಾರಾ ಕೇಳು.

ಮೇಲಿನವರು ಒತ್ತಾಯ ಮಾಡಿದರೆ ಜಗಳ ಬೇಡ. ‘ಸರ್, ಹೋದ ವರ್ಷವೂ ಇದಿತ್ತು, ಆಡಿಟರ್ ಕೇಳಿದರೆ ಏನು ಹೇಳಲಿ?’ ಅಂತ ಮೇಲ್ ಹಾಕು. ಬಾಯಿಮಾತಿನಲ್ಲಿ ಮಾತ್ರ ಬಿಡಬೇಡ.

ನಿಮ್ಮಮ್ಮನ ಕೈಯಲ್ಲಿ ಚಟ್ನಿಪುಡಿ ಕಳಿಸಿದ್ದೇನೆ. ರಾತ್ರಿ ಊಟ ಬಿಡಬೇಡ. ಐದು ವರ್ಷದ ಪಟ್ಟಿ ಹಾಕಿ ಮುಗಿದ ಮೇಲೆ ಭಾನುವಾರ ಬೆಳಿಗ್ಗೆ ಫೋನ್ ಮಾಡು, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ