ಅವರು ಅತ್ತಿದ್ದನ್ನು ನೀನು ನೋಡಿದೆಯಾ?

ಪ್ರೀತಿಯ ತಂಗಿ,

ನಾಟಕ ಕಂಪನಿಯ ಬಗ್ಗೆ ನೀನು ಬರೆದದ್ದು ಬಂತು. ಜೊತೆಗಿದ್ದ ಚೀಟಿಯನ್ನೂ ಓದಿದೆ. ಪತ್ರಿಕೆಯವರು ವಾಪಸ್ ಕಳಿಸಿದರು, ಇನ್ನು ಬರೆಯುವುದೇ ಬೇಡ ಅನ್ನಿಸುತ್ತಿದೆ ಎಂದಿದ್ದೀಯ. ಬೇಡ ಅನ್ನಿಸಿದರೆ ಬಿಡು, ಯಾರೂ ಬಲವಂತ ಮಾಡುವುದಿಲ್ಲ. ಆದರೆ ಮೂರನೇ ಪುಟದಲ್ಲಿ ಒಬ್ಬ ಅಜ್ಜಿಯನ್ನು ಕೂರಿಸಿದ್ದೀಯಲ್ಲ, ಅದನ್ನು ಓದಿದ ಮೇಲೆ ನಿನ್ನನ್ನು ಸುಮ್ನೆ ಬಿಡಲು ನನಗೇ ಮನಸ್ಸಿಲ್ಲ.

ಪ್ಯಾರಾ ಎಲ್ಲಿ ಮುರಿಯಬೇಕು, ಎಷ್ಟು ಪದ ಇರಬೇಕು, ಶೀರ್ಷಿಕೆ ಹೇಗಿರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಾನು ಹೇಳುವುದು ಒಂದೇ. ನೋಡಿದ್ದನ್ನು ಬರೆ. ನೋಡದ ಕಣ್ಣೀರನ್ನು ಬರೆಯಬೇಡ.

ತುಮಕೂರಿಗೆ ಬಂದ, ಒಂದೇ ಕುಟುಂಬದವರು ನಡೆಸುವ ಆ ಕಂಪನಿಯ ನಾಟಕವನ್ನು ನೀನು ನೋಡಿದೆ. ಅಭಿಮನ್ಯು–ಶಶಿರೇಖೆ ಮದುವೆಯ ಕಥೆ, ತುಂಬ ಹಾಡು. ಮಾರನೆಯ ದಿನ ಕೇಳಿಕೊಂಡು ಪರದೆ ಹಿಂದೆ ಹೋಗಿ ಕೂತೆ. ಆ ಧೈರ್ಯ ನನಗೆ ಬಹಳ ಖುಷಿ ಕೊಟ್ಟಿತು. ಘಟೋತ್ಕಚ ಬಾಯಿ ತೆರೆದರೆ ಲಾಡು ತಟ್ಟೆಯಿಂದ ಎದ್ದು ಹಾರಿ ಬರುತ್ತದೆ. ಮುಂದೆ ಕೂತ ಮಕ್ಕಳು ಕಿರುಚುತ್ತಾರೆ. ಸೈಡ್ ವಿಂಗಿನಲ್ಲಿ ಅಜ್ಜಿ ಕಪ್ಪು ದಾರ ಹಿಡಿದು ಕೂತಿದ್ದಾರೆ. ಬೆರಳಿಗೆ ಹಳೇ ಬಟ್ಟೆ ಸುತ್ತಿದೆ. ಹಾರ್ಮೋನಿಯಂ ಮೇಷ್ಟ್ರ ಕಡೆ ಅವರು ನೋಡುವುದೇ ಇಲ್ಲ. ಕಾಲಿನ ಹೆಬ್ಬೆರಳಲ್ಲೇ ತಾಳ ಹಾಕಿಕೊಂಡು, ಪಲ್ಲವಿ ಎರಡನೇ ಸಲ ಬಂದಾಗ ದಾರ ಎಳೆಯುತ್ತಾರೆ. ಎಷ್ಟು ಚೆನ್ನಾಗಿ ನೋಡಿದ್ದೀಯ! ಆ ಹೆಬ್ಬೆರಳು ಎಲ್ಲರ ಕಣ್ಣಿಗೂ ಬೀಳುವುದಿಲ್ಲ ಕಣಮ್ಮ.

ಅದರ ಬೆನ್ನಿಗೇ ‘ಬಣ್ಣ ಹಚ್ಚಿದ ಮುಖಗಳ ಹಿಂದೆ ಎಷ್ಟೊಂದು ಕಣ್ಣೀರು’ ಎಂದು ಬರೆದಿದ್ದೀಯ. ಎಲ್ಲಿತ್ತು ಕಣ್ಣೀರು? ಯಾರು ಅಳುತ್ತಿದ್ದರು? ನಿನ್ನ ಬರಹದಲ್ಲೇ ಅಜ್ಜಿ ಮೊಮ್ಮಗನಿಗೆ ಮೀಸೆ ನೆಟ್ಟಗೆ ಅಂಟಿಸಿಕೊಂಡಿಲ್ಲ ಅಂತ ಬೈಯುತ್ತಿದ್ದಾರೆ. ಅದು ನಿನ್ನ ಕಿವಿಗೆ ಬಿದ್ದದ್ದು. ಕಣ್ಣೀರು ಮಾತ್ರ ಯಾರೋ ಬರೆದದ್ದನ್ನು ಓದಿ ತಂದಿದ್ದು.

ಈ ವಿಷಯದಲ್ಲಿ ನನಗೆ ಹಳೇ ಸಿಟ್ಟಿದೆ, ಇವತ್ತಿಗೂ ಆರಿಲ್ಲ. ಬಹಳ ವರ್ಷದ ಹಿಂದೆ ನಮ್ಮೂರಲ್ಲಿ ಕ್ಯಾಂಪು ಹಾಕಿದ್ದ ಒಂದು ಕಂಪನಿಯ ಬಗ್ಗೆ ಬರೆದಿದ್ದೆ. ಅಲ್ಲಿ ದ್ರೌಪದಿ ಪಾತ್ರ ಮಾಡುತ್ತಿದ್ದ ಹೆಂಗಸೇ ಕಂಪನಿಯ ಲೆಕ್ಕವನ್ನೂ ನೋಡುತ್ತಿದ್ದರು. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಲೇ ಕುರ್ಚಿಯ ಟಿಕೆಟ್ ಎಷ್ಟು ಹೋಯಿತು, ನೆಲದ್ದು ಎಷ್ಟು, ಕರೆಂಟಿನವರಿಗೆ ಎಷ್ಟು ಕೊಡಬೇಕು ಅಂತ ಒಂದೊಂದಾಗಿ ಹೇಳಿಸಿಕೊಂಡು ಬರೆದುಕೊಳ್ಳುತ್ತಿದ್ದರು. ನಾನು ಅದನ್ನೇ ಬರೆದೆ. ಅಚ್ಚಾಗಿ ಬಂದಾಗ ತಲೆಬರಹ ಬದಲಾಗಿತ್ತು, ಕೊನೆಗೆ ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವ ನಾಲ್ಕು ಸಾಲು ಸೇರಿತ್ತು. ಕೇಳಿದರೆ, ಓದುಗರಿಗೆ ಇದೇ ಇಷ್ಟ ಅಂದರು ಪತ್ರಿಕೆಯವರು. ಆ ಹೆಂಗಸು ಪತ್ರಿಕೆ ಹಿಡಿದುಕೊಂಡೇ ನನ್ನ ಮನೆಗೆ ಬಂದರು. ‘ನಾನು ಯಾವತ್ತು ಅತ್ತೆ ಸಾರ್, ನೀವು ನೋಡಿದ್ದು?’ ಅಂದರು. ಕಂಪನಿಗೆ ಸಾಲ ಕೊಟ್ಟಿದ್ದವರು ಅದನ್ನು ಓದಿ, ಇವರ ಕಥೆ ಮುಗಿಯಿತು ಅಂದುಕೊಂಡು ದುಡ್ಡು ಕೇಳಲು ಶುರು ಮಾಡಿದ್ದರಂತೆ. ಮರುಕ ಓದುಗರಿಗೆ ಹಿತವಾಗಿತ್ತು. ತೊಂದರೆ ಆದದ್ದು ಅವರಿಗೆ.

ಇನ್ನೊಂದು ವಿಷಯ ನಿನ್ನ ಕಣ್ಣು ತಪ್ಪಿಸಿಕೊಂಡಿದೆ. ಕುಟುಂಬದ ಕಂಪನಿಯಲ್ಲಿ ಪರದೆಯ ಮುಂದೆ ಒಬ್ಬರು, ಹಿಂದೆ ಇನ್ನೊಬ್ಬರು ಅಂತ ಇರುವುದಿಲ್ಲ. ಆಂಧ್ರದ ಕಡಪ ಜಿಲ್ಲೆಯ ಸುರಭಿ ಅನ್ನುವ ಊರಲ್ಲಿ 1885ರಲ್ಲಿ ಶುರುವಾದ ಸುರಭಿ ನಾಟಕದವರನ್ನೇ ನೋಡು. ಪಾತ್ರ ಮಾಡುವವರು, ಪರದೆ ಎಳೆಯುವವರು, ಹಾರ್ಮೋನಿಯಂ ನುಡಿಸುವವರು, ಸೀನಿನ ಪರದೆಗೆ ಚಿತ್ರ ಬರೆಯುವವರು ಎಲ್ಲರೂ ಒಂದೇ ಮನೆತನ. ನಮ್ಮ ಗುಬ್ಬಿ ನಾಟಕ ಕಂಪನಿಗೆ ಹುಡುಗನಾಗಿದ್ದಾಗಲೇ ಸೇರಿಕೊಂಡ ರಂಗ ನಿರ್ದೇಶಕ ಬಿ. ವಿ. ಕಾರಂತರು ಮುಂದೆ ಸುರಭಿಯವರಿಗೂ ನಾಟಕ ಮಾಡಿಸಿದರು. ನೀನು ನೋಡಿದ ಕಂಪನಿಯಲ್ಲೂ ಶಶಿರೇಖೆ ತನ್ನ ಹಾಡು ಮುಗಿಸಿ, ಒಳಗೆ ಬಂದು, ಒಡವೆ ಕೂಡ ಬಿಚ್ಚದೆ ಮುಂದಿನ ಸೀನಿನ ಹಗ್ಗ ಹಿಡಿದಳು ಅಂತ ನೀನೇ ಬರೆದಿದ್ದೀಯ. ಹಾಗಿರುವಾಗ ‘ತೆರೆಮರೆಯ ಬಡಪಾಯಿಗಳು’ ಎಲ್ಲಿಂದ ಬಂದರು?

ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜಾಸ್ತಿಯೇ ಇದೆ. ಒಂದು ಸಂಜೆ ಮಳೆ ಹೊಡೆದರೆ ಅವತ್ತಿನ ಕಲೆಕ್ಷನ್ ಹೋಯಿತು. ಆದರೆ ಆ ಕಷ್ಟವನ್ನು ಅವರ ಬಾಯಲ್ಲೇ ಕೇಳು. ಲಾರಿ ಬಾಡಿಗೆ ಎಷ್ಟು, ಜಾಗಕ್ಕೆ ಎಷ್ಟು, ಮಕ್ಕಳ ಸ್ಕೂಲಿಗೆ ಏನು ಮಾಡುತ್ತಾರೆ, ಕೇಳು. ಹೇಳಿದರೆ ಬರೆ. ಹೇಳದಿದ್ದರೆ ಅದು ಅವರ ಮನೆ ವಿಚಾರ.

ಗುಬ್ಬಿ ನಮ್ಮೂರಿನ ಪಕ್ಕದಲ್ಲೇ ಇದೆ. ಅಲ್ಲಿಯ ಕಂಪನಿ ಕಟ್ಟಿದ್ದು 1884ರಲ್ಲಿ. ಮುಂದೆ ಅದನ್ನು ನಡೆಸಿದ ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದರು ಅಂತ ಈ ಕಡೆ ಎಲ್ಲರೂ ಹೇಳುತ್ತಾರೆ. ಆ ಗದ್ದಲದಲ್ಲಿ, ಆ ದೀಪಗಳ ಮಧ್ಯೆ ಆನೆಯನ್ನು ಸಮಾಧಾನವಾಗಿ ನಿಲ್ಲಿಸಿಕೊಂಡಿದ್ದವನ ಕೈಯ ಬಗ್ಗೆ ಯಾರಾದರೂ ನಾಲ್ಕು ಪುಟ ಬರೆದಿದ್ದರೆ ನಾನು ಊಟ ಬಿಟ್ಟು ಓದುತ್ತೇನೆ. ನೀನು ಅಂಥದ್ದನ್ನು ಬರೆಯಬಲ್ಲೆ. ಅದಕ್ಕೇ ನಿನ್ನ ಮೇಲೆ ಇಷ್ಟು ಸಿಡುಕು.

ಕೊನೆಯ ಪ್ರಯೋಗ ಈ ಭಾನುವಾರ ಅಂದೆಯಲ್ವಾ? ಮಂಗಳ ಹಾಡಿದ ಮೇಲೆ ಮನೆಗೆ ಓಡಬೇಡ. ರಾತ್ರಿಯೇ ಪರದೆ ಸುತ್ತುತ್ತಾರೆ, ಟ್ರಂಕು ಕಟ್ಟುತ್ತಾರೆ, ಲಾರಿ ತುಂಬುತ್ತಾರೆ. ಯಾವುದು ಮೊದಲು ಹೋಗುತ್ತದೆ, ಯಾವುದು ಕೊನೆಗೆ, ಯಾರು ಹೇಳಿದರೆ ಎಲ್ಲರೂ ಕೇಳುತ್ತಾರೆ, ನೋಡು. ಜೊತೆಗೆ ಮನೆಯವರು ಯಾರಾದರೂ ಇರಲಿ, ಹೊತ್ತಾಗುತ್ತದೆ. ಫೋನು ಬ್ಯಾಗಿನಲ್ಲೇ ಇಟ್ಟಿರು. ಕೈ ಹಾಕಮ್ಮ ಅಂದರೆ ಹಾಕು, ದೂರ ನಿಲ್ಲು ಅಂದರೆ ನಿಲ್ಲು. ಅಜ್ಜಿಯ ಹೆಸರು ಕೇಳು, ನಿನ್ನ ಎಂಟು ಪುಟದಲ್ಲಿ ಎಲ್ಲೂ ಅವರಿಗೆ ಹೆಸರೇ ಇಲ್ಲ. ಬರೆದದ್ದನ್ನು ಮೊದಲು ನನಗೆ ಕಳಿಸು. ಪತ್ರಿಕೆಯ ಮಾತು ಆಮೇಲೆ.

ಪ್ರೀತಿಯಿಂದ,
ನಿನ್ನ ಅಣ್ಣ
ತುಮಕೂರು